ಅನ್ನದಾಗ ಏನೋ ಐತಿ

ಹನಿ ಬಿಡುವಾಗ ವಿಮಲಾಕ್ಷಿಯ ಕೈ ನಡುಗುತ್ತಿರಲಿಲ್ಲ. ಶುರುವಿನಲ್ಲಿ ನಡುಗಬಹುದು ಎಂದುಕೊಂಡಿದ್ದಳು, ನಡುಗಿದ್ದರೆ ಒಂದು ರೀತಿಯ ಸಮಾಧಾನವಾದರೂ ಆಗುತ್ತಿತ್ತು. ಆದರೆ ವರ್ಷಾನುಗಟ್ಟಲೆ ಲ್ಯಾಬಿನಲ್ಲಿ ಕಣ್ಣಿಗೆ ಕಾಣದಷ್ಟು ದ್ರವವನ್ನು ಅಳೆದು ಬಿಟ್ಟ ಕೈ ಅದು. ಬಟ್ಟಲಿನಲ್ಲಿರುವುದು ಭತ್ತದ ಎಲೆಯ ರಸವೋ ತಾಯಿಯ ಮೊಸರನ್ನವೋ ಎಂಬುದು ಅದಕ್ಕೆ ಬೇಕಿರಲಿಲ್ಲ. ನಡುಮನೆಯಿಂದ ಕಾಣದ ಹಾಗೆ ಬೆನ್ನು ಅಡ್ಡ ಕೊಟ್ಟು ನಿಂತು, ಸಣ್ಣ ಬಾಟಲಿಯ ಮುಚ್ಚಳ ತಿರುವಿ, ಹನಿ ಬಿಟ್ಟು, ಚಮಚದಲ್ಲಿ ಕದಡಿ, ಬಾಟಲಿಯನ್ನು ಕುರ್ತಾದ ಜೇಬಿಗೆ ಸೇರಿಸುವಷ್ಟರಲ್ಲಿ ಬೈರಮ್ಮ ಪಾತ್ರೆ ತೊಳೆಯುವ ಬಾಲ್ಕನಿಯಿಂದ ಒಳಗೆ ಬಂದಿರುತ್ತಿದ್ದಳು. ಬಟ್ಟಲನ್ನು ಅಮ್ಮನ ಮುಂದೆ ಇಡುವ ಕೆಲಸ ಬೈರಮ್ಮನದು. ಅದು ಹಾಗೆ ಯಾವಾಗ ನಿಗದಿಯಾಯಿತೋ, ಯಾರು ನಿಗದಿ ಮಾಡಿದರೋ, ವಿಮಲಾಕ್ಷಿ ಆ ಬಗ್ಗೆ ಯೋಚಿಸಲು ಹೋಗಿರಲಿಲ್ಲ.

ಔಷಧಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲವೆಂದು ಡಾಕ್ಟರಮ್ಮ ಹೇಳಿದ್ದರು. 'ತನಗೆ ಕಾಯಿಲೆ ಇದೆ ಅಂತ ಅವ್ರಿಗೆ ಗೊತ್ತಾಗಲ್ಲ, ಅದೇ ಅವ್ರ ಕಾಯಿಲೆ. ಮಾತ್ರೆ ನುಂಗಲ್ಲ ಅಂತಿದ್ದಾರಲ್ಲ, ಸ್ವಲ್ಪ ದಿನ ಹೀಗೆ ಕೊಡಿ. ಸುಧಾರಿಸಿದ್ಮೇಲೆ ನೀವೇ ಪಕ್ಕದಲ್ಲಿ ಕೂತ್ಕೊಂಡು ಹೇಳ್ಬಿಡಿ.' ಅಮ್ಮ ಸುಧಾರಿಸಿದ್ದಳು. ಗೋಡೆಯ ಹಿಂದೆ ಕೂತು ಅವಳ ಹೆಸರು ಹಿಡಿದು ಕರೆಯುತ್ತಿದ್ದ ಗಂಡಸು ಮೊದಲು ಹೋದ. ಆಮೇಲೆ ನೀರಿನ ಟ್ಯಾಂಕಿನೊಳಗಿನ ತಂತಿಗಳು ಹೋದವು. ಮೇಲಿನ ಮನೆಯವರು ತನ್ನ ಮನಸ್ಸಿನ ಮಾತನ್ನು ಟಿವಿಯಲ್ಲಿ ಹಾಕುತ್ತಾರೆಂಬುದೂ ಹೋಗಿ, ಒಂದು ದಿನ ಅದೇ ಟಿವಿ ನೋಡುತ್ತ ಅಮ್ಮ ಮೊದಲಿನ ಹಾಗೆ ನಕ್ಕಿದ್ದಳು. ಎಲ್ಲ ಹೋಗಿ ಒಂದೇ ಒಂದು ಸಂಶಯ ಉಳಿದುಕೊಂಡಿತು: ಅನ್ನದಲ್ಲಿ ಯಾರೋ ಏನೋ ಹಾಕುತ್ತಾರೆ. ಎಷ್ಟು ಹನಿ ಬಿಟ್ಟರೂ ಅದು ಹೋಗಲಿಲ್ಲ. ಹೇಗೆ ಹೋದೀತು, ಅದೊಂದೇ ನಿಜವಾಗಿತ್ತಲ್ಲ ಎಂದು ವಿಮಲಾಕ್ಷಿಗೆ ಹೊಳೆದದ್ದು ಮೆಟ್ರೋದಲ್ಲಿ, ಜನರ ನಡುವೆ ಒಂದು ಕೈಯಲ್ಲಿ ಜೋತುಬಿದ್ದಿದ್ದಾಗ. ಹೊಳೆದ ಮೇಲೂ ಅವಳು ಅಮ್ಮನ ಪಕ್ಕದಲ್ಲಿ ಕೂತು ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ಬೇಸಿಗೆ ಕಳೆದು ಮಳೆಗಾಲವೂ ಕಳೆಯುತ್ತ ಬಂದಿತ್ತು.

ಆ ಬೆಳಿಗ್ಗೆ ಮಾನಮ್ಮ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಕುರ್ಚಿಯ ಮೇಲೆ ಬಂದು ಕೂತಳು. ಬೈರಮ್ಮ ಬಟ್ಟಲಿಟ್ಟಳು. ಸೀರೆಯ ಮೇಲೆ ಗಂಡಸರ ಹಳೆಯ ಶರ್ಟು ತೊಟ್ಟು, ತೋಳು ಮಡಚಿ, ಎದುರು ಮನೆಯ ಸಾಲೇಹಾಳ ಮಗನ ಮದುವೆಯಲ್ಲಿ ಬಿರಿಯಾನಿ ಕಡಿಮೆ ಬಿದ್ದ ಸುದ್ದಿಯನ್ನು ಹೇಳುತ್ತಲೇ ಇದ್ದಳು. ಮಾನಮ್ಮ ಒಂದು ಚಮಚ ಬಾಯಿಗಿಟ್ಟವಳು ಅಲ್ಲೇ ತಡೆದಳು. ಕಣ್ಣು ಮುಚ್ಚಿದಳು. ನಾಲಿಗೆಯ ಮೇಲೆ ಏನನ್ನೋ ಹುಡುಕುವವಳ ಹಾಗೆ ದವಡೆ ಆಡಿಸಿ, ಬಟ್ಟಲಿಗೇ ಉಗುಳಿದಳು.

"ಅನ್ನದಾಗ ಏನೋ ಐತಿ."

"ಮೊಸ್ರು ಇದೆ ಅಜ್ಜಿ, ಇನ್ನೇನಿರುತ್ತೆ," ಎಂದು ಬೈರಮ್ಮ ನಕ್ಕಳು.

"ನಗಬ್ಯಾಡ. ಏನ್ ಹಾಕೀದಿ ಹೇಳು. ಯಾರು ಹೇಳಿಕೊಟ್ರು ನಿನಗ?" ಮಾನಮ್ಮ ಬಟ್ಟಲನ್ನು ತಳ್ಳಿದಳು. ಅದು ಮೇಜಿನಂಚಿನಿಂದ ಉರುಳಿ ಅನ್ನ ನೆಲದ ಮೇಲೆ ಚೆಲ್ಲಿತು.

ಬೈರಮ್ಮನ ನಗು ಹೋಯಿತು. ಬಟ್ಟೆ ತಂದು ಬಗ್ಗಿ ಒರೆಸತೊಡಗಿದವಳು ಅರ್ಧಕ್ಕೇ ನಿಲ್ಲಿಸಿ ಎದ್ದಳು. "ಅಕ್ಕಾ, ದಿನಾ ಇದೇ ಆಗೋಯ್ತು. ವಯಸ್ಸಾದವ್ರು ಅಂತ ಸುಮ್ನಿದ್ದೆ. ನಾನೂ ಮಕ್ಕಳೊಂದಿಗಳು, ಇನ್ನೊಬ್ರ ಊಟಕ್ಕೆ ಏನಾದ್ರೂ ಬೆರಸ್ತೀನಾ? ಉಳಿದಿದ್ದ ಚಪಾತಿ ತಗೊಂಡೋಗ್ತೀನಿ, ಅದು ನೀವೇ ಹೇಳಿದ್ರಿ. ಹೇಳಿ ನೀವು ಇವತ್ತು, ನಿಮ್ಮ ಬಾಯಿಂದ್ಲೇ ಹೇಳಿ. ನಾನೇನಾದ್ರೂ ಹಾಕಿದ್ನಾ?"

ಇಬ್ಬರೂ ವಿಮಲಾಕ್ಷಿಯ ಮುಖ ನೋಡುತ್ತಿದ್ದರು. ಜೇಬಿನಲ್ಲಿದ್ದ ಬಾಟಲಿ ತೊಡೆಗೆ ಒತ್ತುತ್ತಿತ್ತು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಇಲ್ಲ ಎಂದರೆ ಅಮ್ಮ, ಹಾಗಾದರೆ ಯಾರು ಎಂದು ಕೇಳುತ್ತಾಳೆ. ಕೇಳಿ ತನ್ನ ಕಡೆ ತಿರುಗುತ್ತಾಳೆ. ಆಮೇಲೆ ಈ ಮನೆಯಲ್ಲಿ ಯಾರ ಕೈಯಿಂದಲೂ ಒಂದು ಅಗುಳನ್ನೂ ತಿನ್ನುವುದಿಲ್ಲ. ಗೋಡೆಯ ಹಿಂದಿನ ಗಂಡಸು ಮತ್ತೆ ಬಂದು ಕೂರುತ್ತಾನೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಅವಳ ತಲೆಯೊಳಗೆ ಹಾದುಹೋಗಿ, ಬಾಯಿಂದ ಬೇರೆಯೇ ಬಂತು.

"ನಾಳೆಯಿಂದ ಅಡುಗೆ ಬೇಡ ಬೈರಮ್ಮ. ಪಾತ್ರೆ, ನೆಲ, ಅಷ್ಟೇ ಮಾಡಿ ಸಾಕು."

ಜಗಳ ತಪ್ಪಿಸಲು ಹೇಳಿದ್ದು. ಹೇಳಿ ಮುಗಿದ ಮೇಲೆ ಅದು ತೀರ್ಪಿನ ಹಾಗೆ ಕೇಳಿಸಿತು. "ನೋಡಿದ್ಯಾ, ನನ್ನ ಮಗಳಿಗೂ ತಿಳೀತು," ಎಂದಳು ಮಾನಮ್ಮ. ಬೈರಮ್ಮ ಬಟ್ಟೆಯನ್ನು ಅನ್ನದ ಮೇಲೆಯೇ ಬಿಟ್ಟಳು, ಶರ್ಟು ಬಿಚ್ಚಿ ಬಗಲಿಗಿಟ್ಟುಕೊಂಡಳು, ಮನೆಯ ಕೀಲಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟಳು. ಕಾರಿಡಾರಿಗೆ ಹೋದ ಮೇಲೆ ಅವಳ ದನಿ ಏರಿತು. "ವಿಷ ಹಾಕೋಳಂತೆ ನಾನು! ಕೇಳಿಸ್ಕೊಳ್ರಪ್ಪ ಎಲ್ರೂ, ವಿಷ ಹಾಕೋಳಂತೆ!" ಸಾಲೇಹಾಳ ಬಾಗಿಲು ಬಿರುಕಿನಷ್ಟು ತೆರೆದು ಮುಚ್ಚಿಕೊಂಡಿತು. ಮೇಲಿನ ಮಹಡಿಯಲ್ಲಿ ಯಾರೋ ಮೆಟ್ಟಿಲಿನ ಬಳಿ ಬಂದು ನಿಂತ ಸದ್ದಾಯಿತು.

ವಿಮಲಾಕ್ಷಿ ನೆಲ ಒರೆಸಿದಳು. ಬೇರೆ ಬಟ್ಟಲಿಗೆ ಅನ್ನ ಹಾಕಿ ಮೊಸರು ಸುರಿದಳು. ಮೊದಲಿನ ಹನಿ ನೆಲದ ಪಾಲಾಗಿತ್ತು, ಮತ್ತೆ ಬಿಟ್ಟಳು. ಕೈಯಾರೆ ಕಲಸಿ ತಂದು ಅಮ್ಮನ ಎದುರು ಕೂತು ತುತ್ತು ಕೊಟ್ಟಳು. ಮಾನಮ್ಮ ಬಟ್ಟಲಿನ ತಳ ಕಾಣುವವರೆಗೆ ಉಂಡಳು. "ಇದು ನೋಡು, ಇದ್ರಾಗ ಏನಿಲ್ಲ," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಕೆ.ಆರ್. ಪುರದವರೆಗೆ ಅವಳಿಗೆ ಸಾಮಾನ್ಯವಾಗಿ ಕೂರಲು ಜಾಗ ಸಿಗುತ್ತಿರಲಿಲ್ಲ, ಆ ದಿನ ಸಿಕ್ಕಿತು. ಕೂತದ್ದೇ ತಪ್ಪಾಯಿತು, ನಿಂತಿದ್ದರೆ ಮೈ ತೂಗಾಡಿಸುವುದರಲ್ಲಿ ಮನಸ್ಸು ಅಲ್ಲಲ್ಲೇ ಇರುತ್ತಿತ್ತು. ಕಿಟಕಿಯಾಚೆ ಇಂದಿರಾನಗರದ ಮರಗಳ ತಲೆಗಳು ಹಿಂದೆ ಹೋಗುತ್ತಿದ್ದವು. ಸಿಂಧನೂರಿನ ಹತ್ತಿರದ ತನ್ನ ಊರು ನೆನಪಾಯಿತು. ಅಲ್ಲಿ ಕಾಲುವೆ ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ. ಪಕ್ಕದ ಮನೆಯವರು ಹಬ್ಬಕ್ಕೆ ಕೊಟ್ಟ ಹೋಳಿಗೆಯನ್ನು ಆಗ ಸಣ್ಣ ಹುಡುಗಿಯಾಗಿದ್ದ ವಿಮಲಾಕ್ಷಿ ಓಣಿಯಲ್ಲೇ ತಿಂದು ಮನೆಗೆ ಬಂದಿದ್ದಳು. ಅಮ್ಮ ಅವಳನ್ನು ಬಚ್ಚಲಿಗೆ ಎಳೆದೊಯ್ದು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದ್ದಳು. ಹೋಳಿಗೆ ಕೊಟ್ಟವರು ಬಾಗಿಲಲ್ಲಿ ನಿಂತು ನೋಡಿದ್ದರು. ಮಾನಮ್ಮನಿಗೆ ಸೊಕ್ಕು ಎಂದು ಊರು ಆಡಿಕೊಂಡಿತು; ಮಗಳೂ ಹಾಗೇ ತಿಳಿದು, ಆ ಸೊಕ್ಕಿಗಾಗಿ ಅಮ್ಮನನ್ನು ಅನೇಕ ವರ್ಷ ಒಳಗೊಳಗೇ ದ್ವೇಷಿಸಿದಳು. ಅದು ಹೆದರಿಕೆಯೆಂದು, ಬಚ್ಚಲಲ್ಲಿ ಅಮ್ಮನ ಬೆರಳು ಥರಥರ ನಡುಗುತ್ತಿತ್ತೆಂದು ಡಾಕ್ಟರಮ್ಮನ ಎದುರು ಕೂತಾಗಲೇ ನೆನಪಾದದ್ದು. ಅದೇ ಅಮ್ಮ ಗದ್ದೆಯ ಬದುವಿನ ಮೇಲೆ ಬಗ್ಗಿ, ಕಣ್ಣಿನಾಕಾರದ ಬೂದುಕಲೆ ಬಿದ್ದ ಎಲೆ ಕಿತ್ತು ತೋರಿಸಿ, 'ಬೆಂಕಿ ರೋಗ ಬಂತು ನೋಡವಾ' ಎಂದದ್ದೂ ಇತ್ತು. ಆ ಎಲೆಯನ್ನು ಹಿಡಿದುಕೊಂಡೇ ತಾನು ಇಷ್ಟು ದೂರ ಬಂದೆ ಎಂದು ವಿಮಲಾಕ್ಷಿ ಸಂದರ್ಶನಗಳಲ್ಲಿ ಹೇಳುತ್ತಿದ್ದಳು. ಹೋಳಿಗೆಯ ಮಾತು ಎಲ್ಲೂ ಹೇಳಿರಲಿಲ್ಲ.

ಬಿತ್ತನೆ ಕಂಪನಿಯ ಲ್ಯಾಬಿನ ಗಾಜಿನ ಮನೆಯಲ್ಲಿ ಆ ದಿನ ಬೇರೆ ಊರಿನ ಕಚೇರಿಯಿಂದ ಬಂದ ನಾಲ್ಕಾರು ಮಂದಿ ಕೂಡಿದ್ದರು. ಯೋಜನೆಯ ಮುಖ್ಯಸ್ಥ ಕೆಂಪರಾಜ್ ಅವರನ್ನು ಕುಂಡಗಳ ಸಾಲಿನ ನಡುವೆ ಕರೆದೊಯ್ಯುತ್ತಿದ್ದ. ವಿಮಲಾಕ್ಷಿಯ ಕೈಕೆಳಗಿನ ಹುಡುಗಿ ತೇಜಶ್ರೀ ವಿವರಿಸುತ್ತಿದ್ದಳು. ಮನುಷ್ಯರ ರಕ್ತದಲ್ಲಿ ತಿರುಗಾಡುವ ಕಾವಲು ಕಣಗಳಿರುತ್ತವಲ್ಲ, ಭತ್ತಕ್ಕೆ ಅವಿಲ್ಲ. ಒಂದೊಂದು ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಕೋಶದ ಹೊರಮೈಯಲ್ಲಿ ಬಂದದ್ದನ್ನೆಲ್ಲ ಮುಟ್ಟಿ ನೋಡುವ ಪ್ರೋಟೀನುಗಳಿವೆ. ಶಿಲೀಂಧ್ರದ ಗೋಡೆಯ ಒಂದು ಚೂರು ತಾಗಿದರೂ ಸಾಕು, ಒಳಗೆ ಕೂಗೆದ್ದು ಕೋಶ ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ವಿಷ ಕಾರುತ್ತದೆ. ಅದೂ ಸಾಲದಿದ್ದರೆ ಆ ಕೋಶ ತಾನೇ ಸಾಯುತ್ತದೆ, ನೆರೆಯ ಕೋಶಗಳೂ ಸಾಯುತ್ತವೆ. ಸತ್ತ ಜಾಗದಲ್ಲಿ ರೋಗಕ್ಕೆ ತಿನ್ನಲು ಏನೂ ಸಿಗದೆ ಅದು ಅಲ್ಲೇ ನಿಲ್ಲುತ್ತದೆ. ಎಲೆಯ ಮೇಲೆ ಒಂದು ಕಂದು ಚುಕ್ಕಿ ಉಳಿಯುತ್ತದೆ, ಗಿಡ ಬದುಕುತ್ತದೆ.

"ಈ ಸಾಲು ಮಾತ್ರ ಸ್ಪೆಷಲ್," ಎಂದು ತೇಜಶ್ರೀ ಗಿಡ್ಡ ಗಿಡಗಳ ಕುಂಡಗಳನ್ನು ತೋರಿಸಿದಳು. ಅವುಗಳ ಎಲೆಯ ತುಂಬ ಕಂದು ಚುಕ್ಕಿಗಳಿದ್ದವು. "ಇವಕ್ಕೆ ಯಾವ ರೋಗಾನೂ ಇಲ್ಲ ಸರ್. ಕ್ಲೀನ್ ರೂಮ್‌ನಲ್ಲೇ ಬೆಳ್ಸಿದ್ದೀವಿ. ಒಂದು ಜೀನ್ ಕೆಟ್ಟಿದೆ, ಅಷ್ಟೆ. ಶತ್ರು ಬರದೇನೇ ಅಲಾರಂ ಹೊಡ್ಕೊಳ್ಳುತ್ತೆ."

"ಅಂದ್ರೆ ಗಿಡಕ್ಕೆ ಹುಚ್ಚು ಹಿಡಿದಿದೆ ಅನ್ನಿ," ಎಂದ ಬಂದವರಲ್ಲೊಬ್ಬ. ಎಲ್ಲರೂ ನಕ್ಕರು. ವಿಮಲಾಕ್ಷಿಯೂ ನಕ್ಕಳು. ತನ್ನ ನಗು ಎಲ್ಲರದ್ದಕ್ಕಿಂತ ಕ್ಷಣ ಹೆಚ್ಚು ಹೊತ್ತು ಗಾಜಿನ ಕೆಳಗೆ ನಿಂತ ಹಾಗೆ ಅವಳಿಗೆ ಕೇಳಿಸಿತು.

"ನಿಜವಾದ ರೋಗ ಬಂದ್ರೆ ಇದೇ ಗಿಡ ಬೇರೆಯವಕ್ಕಿಂತ ಚೆನ್ನಾಗಿ ತಡ್ಕೊಳ್ಳುತ್ತೆ," ಎಂದಳು, ಯಾರೂ ಕೇಳದಿದ್ದರೂ.

"ಇಳುವರಿ ಎಲ್ಲಿದೆ ಮೇಡಂ? ಇರೋ ಶಕ್ತಿಯೆಲ್ಲ ಕಾವಲು ಕಾಯೋಕೇ ಹೋಗ್ಬಿಡುತ್ತೆ," ಎಂದ ಕೆಂಪರಾಜ್. ಕೆಟ್ಟ ಮನುಷ್ಯನಲ್ಲ, ಅವನ ತಾತ ಇದೇ ಕೆ.ಆರ್. ಪುರದ ಕೆರೆಯ ಕೆಳಗೆ ಭತ್ತ ಬೆಳೆದವರು, ಆ ಗದ್ದೆಯ ಜಾಗದಲ್ಲಿ ಈಗ ಕಚೇರಿಗಳಿವೆ. "ಈ ಸಾಲು ಈ ತಿಂಗಳಿಗೆ ಮುಗಿಸ್ಬಿಡೋಣ ಅಂತಿದ್ದೀನಿ. ಹಾಂ, ಬೆಂಕಿ ರೋಗ ಹೇಗೆ ಒಳಗೆ ನುಗ್ಗುತ್ತೆ ಅಂತ ಇವ್ರಿಗೆ ನೀವೇ ಹೇಳಿ, ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ."

ಅವಳು ಹೇಳತೊಡಗಿದಳು. ನೂರು ಸಲ ಹೇಳಿದ ಮಾತು. ಶಿಲೀಂಧ್ರ ಬಲದಿಂದಷ್ಟೇ ಒಳಗೆ ಬರುವುದಿಲ್ಲ. ತನ್ನ ಗೋಡೆಯಿಂದ ಉದುರುವ ಚೂರುಗಳನ್ನು ತಾನೇ ಹಿಡಿದು ಮುಚ್ಚಿಕೊಳ್ಳುವ ಒಂದು ಪ್ರೋಟೀನನ್ನು ಮೊದಲು ಬಿಡುತ್ತದೆ. ಗಿಡ ಮುಟ್ಟಿ ನೋಡುತ್ತದೆ, ಏನೂ ತಾಗುವುದಿಲ್ಲ. ಗಿಡಕ್ಕೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆ ನೆಮ್ಮದಿಯಲ್ಲಿ... ಅಷ್ಟು ಹೇಳಿ ಅವಳಿಗೆ ಮುಂದಿನ ಮಾತು ಸಿಗಲಿಲ್ಲ. ಆ ನೆಮ್ಮದಿಯಲ್ಲಿ ಏನು? ತಾನು ರೋಗವಲ್ಲ, ತಾನು ಕೊಡುತ್ತಿರುವುದು ಔಷಧಿ. ಭತ್ತದ ಎಲೆಗೂ ಅಮ್ಮನಿಗೂ ಸಂಬಂಧವಿಲ್ಲ, ಹಾಗೆ ಹೋಲಿಸುವುದು ಸೋಮಾರಿ ಬುದ್ಧಿ. ಹಾಗೆಂದು ಅವಳಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಒಬ್ಬರು ವಾಚು ನೋಡಿಕೊಂಡರು. ತೇಜಶ್ರೀ ಅವಳ ಮುಖ ನೋಡಿ, ಮೆಲ್ಲಗೆ ಮುಂದೆ ಬಂದು ಮಾತು ಮುಗಿಸಿದಳು.

ಮಧ್ಯಾಹ್ನ ಮನೆಗೆ ಫೋನ್ ಮಾಡಿದಳು. "ಬಾಗಿಲಾ ಒಳಗಿಂದ ಹಾಕ್ಕೊಂಡೀನಿ," ಎಂದಳು ಅಮ್ಮ.

"ಊಟ ಮಾಡಿದ್ಯೇನವಾ?"

"ಆಕಿ ಮಾಡಿಟ್ಟ ಅಡಿಗಿ ನಾ ಹೆಂಗ ಉಣ್ಲಿ? ನೀ ಬಂದು ಮಾಡು. ನಿನ್ನ ಕೈಯಾಗಿಂದು ಉಣ್ತೀನಿ."

ಕೆಂಪರಾಜನ ಹತ್ತಿರ ಬೇಗ ಹೋಗಬೇಕೆಂದು ಕೇಳಿದಳು. ಮನೆಯಲ್ಲಿ ಹುಷಾರಿಲ್ಲವೇ ಎಂದ. ಅಮ್ಮನಿಗೆ ಸ್ವಲ್ಪ ಬಿಪಿ ಎಂದಳು; ಯಾರು ಕೇಳಿದರೂ ಬಿಪಿ ಎನ್ನುತ್ತಿದ್ದಳು.

ಮನೆಗೆ ನೇರ ಹೋಗಲು ಕಾಲು ಬರಲಿಲ್ಲ. ಮರ್ಫಿ ಟೌನಿನ ಓಣಿಗೆ ತಿರುಗಿದಳು. ಬೈರಮ್ಮ ಇಷ್ಟು ವರ್ಷ ಕೆಲಸ ಮಾಡಿದರೂ ಅವಳ ಮನೆಗೆ ವಿಮಲಾಕ್ಷಿ ಬಂದದ್ದು ಇದೇ ಮೊದಲು. ನೀಲಿ ಡ್ರಮ್ಮುಗಳನ್ನೂ ಸ್ಕೂಟರುಗಳನ್ನೂ ದಾಟಿ, ತಮಿಳಿನಲ್ಲಿ ಮಾತಾಡುತ್ತಿದ್ದ ಇಬ್ಬರು ಹೆಂಗಸರನ್ನು ಕೇಳಿ, ಅವರ ದೃಷ್ಟಿಯನ್ನು ಬೆನ್ನ ಮೇಲೆ ಹೊತ್ತು ಬಂದು ನಿಂತಾಗ, ಬೈರಮ್ಮ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನೋಡಿದಳು. ಕೂರಿ ಎನ್ನಲಿಲ್ಲ.

"ಬೈರಮ್ಮ, ಅನ್ನಕ್ಕೆ ಹಾಕ್ತಿದ್ದಿದ್ದು ನಾನು," ಎಂದಳು ವಿಮಲಾಕ್ಷಿ. ಬರುವ ದಾರಿಯಲ್ಲಿ ಬೇರೆ ರೀತಿ ಶುರುಮಾಡಬೇಕೆಂದುಕೊಂಡಿದ್ದಳು. "ಔಷಧಿ. ಅಮ್ಮಂಗೆ ತಲೆಯ ಕಾಯಿಲೆ. ಮಾತ್ರೆ ಅಂದ್ರೆ ನುಂಗಲ್ಲ, ಅದಕ್ಕೆ ಡಾಕ್ಟ್ರು ಹಾಗೆ ಕೊಡಿ ಅಂದ್ರು."

ಬೈರಮ್ಮನ ಕೈ ಸೊಪ್ಪಿನ ದಂಟಿನ ಮೇಲೆ ನಿಂತಿತು. "ಎಷ್ಟು ದಿನದಿಂದ?"

"ಯುಗಾದಿ ಆದ್ಮೇಲಿಂದ."

"ಅಲ್ಲಿಂದ ಇಲ್ಲೀತನಕ ಅವ್ರು ನನ್ನ ಬೈತಾನೇ ಇದ್ರು. ನೀವು ನೋಡ್ತಾನೇ ಇದ್ರಿ."

"ತಪ್ಪಾಯ್ತು."

"ನಂಗೆ ಹೇಳಿದ್ರೆ ನಾನೇ ಕಲಸಿ ಕೊಡ್ತಿದ್ದೆ ಅಕ್ಕ. ಬೈಸ್ಕೊಂಡೂ ಕೊಡ್ತಿದ್ದೆ. ಗೊತ್ತಿದ್ದು ಬೈಸ್ಕೊಳ್ಳೋದು ಬೇರೆ." ಬೈರಮ್ಮ ದಂಟನ್ನು ಮುರಿದಳು. "ಮೇಲಿನ ಮನೆ ಶೀತಲ್ ಮೇಡಂ ಮಧ್ಯಾಹ್ನ ಫೋನ್ ಮಾಡಿದ್ರು. ಇನ್ಮೇಲೆ ಅವ್ರ ಮನೆ ಕೆಲಸಕ್ಕೂ ಬರ್ಬೇಡಿ ಅಂದ್ರು. ಅವ್ರ ಮನೇಲಿ ಸಣ್ಣ ಮಗು ಇದೆ, ಭಯ ಆಗುತ್ತಂತೆ. ನನ್ನ ನೋಡಿದ್ರೆ ಭಯ!" ನಗಲು ಹೋದಳು, ಆಗಲಿಲ್ಲ. "ಇಲ್ಲಿ ಬಂದು ನಂಗೆ ಹೇಳಿದ್ರೆ ಏನ್ ಬಂತು? ನಾನು ಹಾಕಿಲ್ಲ ಅಂತ ನಂಗೆ ಮೊದ್ಲೇ ಗೊತ್ತು. ಅವ್ರಿಗೆ ಹೇಳಿ. ನಿಮ್ಮಮ್ಮಂಗೆ ಹೇಳಿ."

"ಹೇಳ್ತೀನಿ. ಹೇಳಿದ್ಮೇಲೆ ಬರ್ತೀರಾ?"

ಬೈರಮ್ಮ ಎದ್ದಳು. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಯಾರದು ಎಂದು ಮಗಳ ದನಿ ಕೇಳಿತು, ಯಾರೂ ಇಲ್ಲ ಎಂದು ಬೈರಮ್ಮನ ದನಿ ಕೇಳಿತು.

ವಿಮಲಾಕ್ಷಿ ಮೊದಲು ಮೇಲಿನ ಮಹಡಿಗೆ ಹತ್ತಿದಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಬಾಗಿಲು ತೆರೆದ ಶೀತಲ್ ಎಲ್ಲವನ್ನೂ ಸೌಜನ್ಯದಿಂದ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಮಗುವನ್ನು ಇನ್ನೊಂದು ಸೊಂಟಕ್ಕೆ, ವಿಮಲಾಕ್ಷಿಯಿಂದ ಆಚೆ ಬದಿಗೆ ಬದಲಾಯಿಸಿದಳು. "ಅಯ್ಯೋ ಪಾಪ. ಆದ್ರೆ ಬೇರೆಯವ್ರಿಗೆ ಹೇಳ್ಬಿಟ್ಟಿದ್ದೀವಿ ಆಂಟಿ, ನಾಳೆಯಿಂದ ಬರ್ತಾರೆ," ಎಂದಳು. ಬಾಗಿಲು ಮುಚ್ಚುವ ಮುಂಚೆ, "ನಿಮ್ಮ ಅಮ್ಮ ಒಬ್ರೇ ಇರುವಾಗ ಏನೂ ತೊಂದ್ರೆ ಮಾಡಲ್ಲ ಅಲ್ವಾ?" ಎಂದಳು. ವಿಮಲಾಕ್ಷಿ ಇಲ್ಲವೆಂದು ತಲೆಯಾಡಿಸಿ ಕೆಳಗಿಳಿದಳು.

ಮಾನಮ್ಮ ಬಾಗಿಲು ತೆಗೆಯಲು ಹೊತ್ತು ಹಿಡಿಯಿತು. ಬಾಗಿಲಿಗೆ ಒತ್ತಿಟ್ಟ ಕುರ್ಚಿ, ಅದರ ಹಿಂದೆ ಇಟ್ಟ ನೀರಿನ ಕೊಡ, ಒಂದೊಂದನ್ನೇ ಎಳೆಯುವ ಸದ್ದು ಕೇಳಿತು. ಅಮ್ಮನ ಮುಖ ಹಸಿವಿನಿಂದ ಚಿಕ್ಕದಾಗಿತ್ತು. ವಿಮಲಾಕ್ಷಿ ಚೀಲವನ್ನೂ ಇಳಿಸದೆ ಅನ್ನಕ್ಕಿಟ್ಟಳು. ಕುಕ್ಕರು ಕೂಗಿ ಆರುವವರೆಗೆ ಒಲೆಯ ಎದುರೇ ನಿಂತಿದ್ದಳು. ಬಿಸಿ ಅನ್ನ, ಮೊಸರು, ಬಟ್ಟಲು ಎಲ್ಲವನ್ನೂ ನಡುಮನೆಯ ಮೇಜಿಗೆ ತಂದಳು. ಜೇಬಿನಿಂದ ಬಾಟಲಿ ತೆಗೆದು ಅವುಗಳ ನಡುವೆ ಇಟ್ಟಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು.

"ಅವ್ವಾ, ಇಲ್ಲಿ ನೋಡು. ಅನ್ನದಾಗ ಏನೋ ಐತಿ ಅಂತಿದ್ದಿ. ಖರೇನ ಇತ್ತು. ಇದು. ನಾ ಹಾಕ್ತಿದ್ದೆ."

ಮಾನಮ್ಮ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು, ಮೂಸಿದಳು. "ಆಕಿ ಅಡಿಗಿಮನ್ಯಾಗ ಸಿಕ್ತೇನಿದು?"

"ಆಕೀದಲ್ಲ, ನಂದು. ಔಷಧ. ನಿನಗ ನಿದ್ದಿ ಬರ್ಲಿ, ಆ ಗ್ವಾಡಿ ಹಿಂದಿನ ಗಂಡಸು ಹೋಗ್ಲಿ ಅಂತ ನಾನ ಹಾಕ್ತಿದ್ದೆ. ದಿನಾ ಎರಡು ಹೊತ್ತು. ಬೈರಮ್ಮಗ ಏನೂ ಗೊತ್ತಿಲ್ಲ. ಆಕೀನ್ನ ಬೈಸ್ಕೊಳಾಕ ಬಿಟ್ಟು ನಾ ಸುಮ್ನ ನಿಂತಿದ್ದೆ." ಅವಳ ಕೆನ್ನೆ ಒದ್ದೆಯಾಗಿತ್ತು. "ನನ್ನ ಬೈ. ಏನರ ಅನ್ನು."

ಮಾನಮ್ಮ ಬಾಟಲಿಯನ್ನು ಕೆಳಗಿಟ್ಟು ಮಗಳ ಮುಖ ನೋಡಿದಳು. ಆ ಕಣ್ಣಲ್ಲಿ ಈಗ ಏನೋ ಎದ್ದೀತು, ಬಟ್ಟಲು ಹಾರೀತು, ಇನ್ನೆಂದೂ ತನ್ನ ಕೈಯಿಂದ ಉಣ್ಣಲಾರಳು ಎಂದು ವಿಮಲಾಕ್ಷಿ ಕಾದಳು. ಆಗಲಿ ಎಂದುಕೊಂಡಳು. ಅದಕ್ಕಾಗಿ ಅವಳ ಮೈಯೆಲ್ಲ ಕಾಯುತ್ತಿತ್ತು. ಆದರೆ ಮಾನಮ್ಮನ ಮುಖ ಮೆಲ್ಲಗೆ ಸಡಿಲವಾಯಿತು. ಕೈಚಾಚಿ ಮಗಳ ಕೆನ್ನೆ ಒರೆಸಿದಳು.

"ಆಕಿ ಮನಿಗೆ ಹೋಗಿ ಬಂದಿರ್ಬೇಕು ನೀ. ಅತ್ತಿರ್ಬೇಕು ಆಕಿ. ಯಾರರ ಅತ್ರ ನಿನಗ ತಡಿಯಾಕ ಆಗಂಗಿಲ್ಲ, ಸಣ್ಣಾಕಿದ್ದಾಗಿಂದ್ಲೂ ಹಂಗ ನೀ. ಆಕೀನ್ನ ಉಳಿಸಾಕ ತನ್ನ ಮ್ಯಾಲ ಹಾಕ್ಕೋತಾಳ ನೋಡು, ಹುಚ್ಚಿ."

"ಇಲ್ಲವಾ, ಖರೇನ ಹೇಳಾಕತ್ತೀನಿ, ನಾನ..."

"ನೀ ಹಾಕಿದ್ರ ನನಗ ತಿಳೀತಿದ್ದಿಲ್ಲೇನು?" ಎಂದಳು ಮಾನಮ್ಮ. "ಹೊಟ್ಟ್ಯಾಗ ಇಟ್ಕೊಂಡಿದ್ದೆ ನಿನ್ನ. ಮುಗೀತು ಬಿಡು. ಮುಂಜಾನಿಂದ ಉಂಡಿಲ್ಲ, ಕಲಸು."

ವಿಮಲಾಕ್ಷಿ ಬಟ್ಟಲಿಗೆ ಅನ್ನ ಹಾಕಿದಳು, ಮೊಸರು ಹಾಕಿದಳು. ಬಾಟಲಿಯ ಮುಚ್ಚಳ ತೆಗೆದು, ತಾಯಿಯ ಕಣ್ಣೆದುರಿಗೇ, ಒಂದೊಂದಾಗಿ ಹನಿ ಬಿಟ್ಟಳು. ಮಾನಮ್ಮ ಅದನ್ನು ನೋಡುತ್ತಿರಲಿಲ್ಲ. ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಆ ಕಡೆ ಕತ್ತು ತಿರುಗಿಸಿದ್ದಳು. ತಿರುಗಿ ಬಾಯಿ ತೆರೆದಳು. ಮೊದಲ ತುತ್ತನ್ನು ಕಣ್ಣು ಮುಚ್ಚಿ ಅಗಿದಳು.

"ಉಪ್ಪು ಹಾಕಿಲ್ಲ ನೀ," ಎಂದಳು.

ವಿಮಲಾಕ್ಷಿ ಎದ್ದು ಅಡುಗೆಮನೆಗೆ ಹೋದಳು. ಉಪ್ಪು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಲೆಯ ಪಕ್ಕದ ಡಬ್ಬಿಗಳನ್ನು ತೆರೆದಳು: ಸಾಸಿವೆ, ಕಡಲೆಬೇಳೆ, ಸಕ್ಕರೆ. ಮೇಲಿನ ಸಾಲಿನ ಡಬ್ಬಿಗಳನ್ನು ಇಳಿಸಿದಳು. ಒಂದರಲ್ಲಿ ಬೈರಮ್ಮ ಒಣಗಿಸಿಟ್ಟ ಕರಿಬೇವಿತ್ತು, ಇನ್ನೊಂದರಲ್ಲಿ ರಬ್ಬರ್ ಬ್ಯಾಂಡುಗಳೂ ಒಂದು ಬೀಗವೂ ಇದ್ದವು. ಬೈರಮ್ಮನಿಗೆ ಫೋನ್ ಮಾಡಿ ಕೇಳಬಹುದಿತ್ತು. ಮುಚ್ಚಳ ತೆರೆದ ಡಬ್ಬಿಗಳ ನಡುವೆ ಅವಳು ನಿಂತಿದ್ದಳು. ನಡುಮನೆಯಿಂದ ಅಮ್ಮ, ಸಿಗವಲ್ದೇನವಾ, ಇರ್ಲಿ ಬಿಡು, ಸಪ್ಪಗ ಉಣ್ತೀನಿ ಬಾ ಎಂದು ಕರೆಯುತ್ತಿದ್ದಳು.